ಅಧ್ಯಕ್ಷರ ಹೆಗಲ ಮೇಲಿನ ಕೈ

ತಕ್ಕಡಿಗೆ ಕಂಪ್ಯೂಟರ್ ಗೊತ್ತು ಎಂದು ಮೊದಲು ಹೇಳಿದವರು ಯಾರೆಂಬುದು ಇವತ್ತಿಗೂ ಪತ್ತೆಯಾಗಿಲ್ಲ. ಪತ್ತೆಯಾಗಿದ್ದರೆ ಕಾಲೊನಿಯವರು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ತಕ್ಕಡಿ ಎಂಬುದು ಹುಟ್ಟಿದಾಗ ಇಟ್ಟ ಹೆಸರೇನಲ್ಲ. ಅವನು ತೂಕ ಮತ್ತು ಅಳತೆಯ ಕಚೇರಿಯಲ್ಲಿ ಗುಮಾಸ್ತ. ಅಂಗಡಿಯವರು ತರುವ ತಕ್ಕಡಿ, ಬಟ್ಟು, ಅಳತೆಪಟ್ಟಿಗಳು ಸರಿಯಾಗಿವೆಯೇ ಎಂದು ನೋಡಿ ಮುದ್ರೆ ಹಾಕಿಸುವುದು ಅವನ ಕೆಲಸ. ಹೀಗಾಗಿ ಅವನ ಮಾವನವರು ಅವನಿಗೆ ‘ಬೆಪ್ಪುತಕ್ಕಡಿ’ ಎಂಬ ಬಿರುದನ್ನು ದಯಪಾಲಿಸಿದ್ದರು. ಮಗಳು ಮುನಿಸಿಕೊಂಡ ಮೇಲೆ ಬಿರುದಿನ ಮುಂಭಾಗವನ್ನು ಮನಸ್ಸಿನಲ್ಲೇ ಹೇಳಿಕೊಂಡು, ಹಿಂಭಾಗವನ್ನು ಮಾತ್ರ ಬಾಯಿಬಿಟ್ಟು ಕರೆಯತೊಡಗಿದರು. ಕಾಲೊನಿಯೂ ಅದನ್ನೇ ಹಿಡಿಯಿತು.

ಮಾವನವರು ಕಾಲೊನಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ಸಭೆ ನಡೆಸಿ ನಿವೃತ್ತರಾದವರು, ಸಭೆಯ ಚಟ ಬಿಡಲಾಗದೆ ಸಂಘಕ್ಕೆ ಬಂದವರು. ಮನೆಯಲ್ಲಿ ಫ್ಯಾನು ಹಾಕಬೇಕೋ ಆರಿಸಬೇಕೋ ಎಂಬುದಕ್ಕೂ ಅವರಿಗೆ ಸೂಚಕರು, ಅನುಮೋದಕರು ಬೇಕು. ಸೂಚಿಸುವವರು ಅವರೇ. ಅನುಮೋದಿಸುವವರು ಅತ್ತೆ, ಆಕಳಿಸುತ್ತ. ಅತ್ತೆಯೂ ಅವರನ್ನು ಅಧ್ಯಕ್ಷರು ಎಂದೇ ಕರೆಯುತ್ತಿದ್ದರು. ಅದು ಗೌರವವೋ ಸೇಡೋ ಹೇಳುವುದು ಕಷ್ಟ.

ತಕ್ಕಡಿಗೆ ಮಾವನ ಮೇಲೆ ಇದ್ದದ್ದು ಒಂದೇ ಒಂದು ಕೊರಗು. ಮದುವೆಯಾಗಿ ವರ್ಷಗಳೇ ಉರುಳಿದರೂ ಅವರು ಒಂದು ಸಲವೂ ಇವನನ್ನು ‘ನನ್ನ ಅಳಿಯ’ ಎಂದವರಲ್ಲ. ಯಾರಾದರೂ ಹೊಸಬರು ಬಂದರೆ, ‘ಇವರು ನನ್ನ ಮಗಳ ಗಂಡ’ ಎನ್ನುವರು. ಮನೆಮುಂದೆ ನಿಂತ ಪಕ್ಕದವರ ಸ್ಕೂಟರನ್ನು ತೋರಿಸುವ ದನಿ ಅದು. ತಕ್ಕಡಿ ಹಲ್ಲು ಕಿರಿದು ಕೈ ಮುಗಿಯುತ್ತಿದ್ದ, ಒಳಗೊಳಗೇ ನೊಂದುಕೊಳ್ಳುತ್ತಿದ್ದ.

ಅಂಥ ಮಾವನವರು ಈ ವರ್ಷ ಅಧ್ಯಕ್ಷಗಿರಿ ಬಿಟ್ಟುಕೊಡುವವರಿದ್ದರು. ಅವರ ಕಾಲದಲ್ಲೇ ಎದ್ದ ಹೊಸ ಸಭಾಂಗಣದಲ್ಲಿ ಅವರದೊಂದು ದೊಡ್ಡ ಫೋಟೋ ತೂಗುಹಾಕಬೇಕೆಂದು ಅವರೇ ಬಹಳ ಸಂಕೋಚದಿಂದ ಸೂಚಿಸಿದರು. ಯಾವ ಸ್ಟುಡಿಯೋಗೆ ಹೋಗುವುದು ಎಂದು ಊಟದ ಹೊತ್ತಿನಲ್ಲಿ ಚರ್ಚೆ ನಡೆದಾಗ ತಕ್ಕಡಿ ಬಾಯಿ ತೆರೆದ. ಬಾಯಲ್ಲಿ ತುತ್ತಿದ್ದದ್ದನ್ನೂ ಮರೆತು, ಸ್ಟುಡಿಯೋ ಯಾಕೆ ಮಾವ, ನಾನಿಲ್ಲವೇ ಎಂದುಬಿಟ್ಟ.

ಅವನ ಧೈರ್ಯಕ್ಕೆ ಕಾರಣವಿತ್ತು. ಕಚೇರಿಯ ಗೆಳೆಯನೊಬ್ಬ ಅವನ ಕಂಪ್ಯೂಟರಿಗೆ ಫೋಟೋ ತಿದ್ದುವ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ. ಅದರಲ್ಲಿ ತಕ್ಕಡಿ ಭಾವಮೈದುನನ ತಲೆಯಿಂದ ಎದ್ದಂತಿದ್ದ ವಿದ್ಯುತ್ ಕಂಬವೊಂದನ್ನು ಅಳಿಸಿ ಹೆಸರು ಮಾಡಿದ್ದ. ಕಂಬದ ಜೊತೆ ಒಂದು ಕಿವಿಯೂ ಹೋಗಿತ್ತು ನಿಜ. ಆದರೆ ಭಾವಮೈದುನ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವನಲ್ಲವಾದ್ದರಿಂದ ಮನೆಯಲ್ಲಿ ಯಾರಿಗೂ ಅದು ಕೊರತೆಯೆನಿಸಲಿಲ್ಲ.

ಮಾವನವರು ಆರಿಸಿದ ಫೋಟೋ ಯಾವುದೋ ಮದುವೆಯಲ್ಲಿ ತೆಗೆದದ್ದು. ಅದರಲ್ಲಿ ಅವರು ಎತ್ತರವಾಗಿ, ಗಂಭೀರವಾಗಿ, ದೂರದ ಭವಿಷ್ಯವನ್ನು ನೋಡುತ್ತ ನಿಂತಿದ್ದರು. ಗಾಂಭೀರ್ಯ ಅವರದೇ. ಎತ್ತರ ಮಾತ್ರ ಅಡುಗೆಯವರಿಂದ ಕೇಳಿ ತಂದ ಒಂದು ಮರದ ಸ್ಟೂಲಿನದು. ಸಂಘದ ಉಪಾಧ್ಯಕ್ಷರಾದ ಹಲ್ಲು ಡಾಕ್ಟರು ಆರಡಿ ಆಳು, ಅವರೂ ಆ ಮದುವೆಗೆ ಬಂದು, ಮೊದಲೇ ಫೋಟೋ ತೆಗೆಸಿಕೊಂಡು ಹೋಗಿದ್ದರು. ಹಾಗಾಗಿ ಸ್ಟೂಲು ಬೇಕಾಯಿತು. ಸ್ಟೂಲಿನ ಕಾಲೊಂದು ಅಲ್ಲಾಡುತ್ತಿದ್ದುದರಿಂದ ಅಧ್ಯಕ್ಷರು ಬೀಳದಂತೆ ಪಕ್ಕದಲ್ಲಿ ನಿಂತು ಹೆಗಲು ಹಿಡಿದುಕೊಂಡದ್ದು ನಮ್ಮ ತಕ್ಕಡಿ. ಫ್ಲ್ಯಾಶ್ ಬೆಳಗಿದಾಗ ಅವನು ಕಣ್ಣು ಮುಚ್ಚಿ ಬಾಯಿ ತೆರೆದಿದ್ದ. ಆ ಸ್ಟೂಲಿನ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದಕ್ಕೆ ಠರಾವೇನೂ ಆಗಿಲ್ಲ, ಅದು ಹಾಗೆಯೇ.

ತಕ್ಕಡಿಗೆ ಸಿಕ್ಕಿದ್ದು, ನೆಂಟರಿಂದ ನೆಂಟರಿಗೆ ಮೊಬೈಲ್ ದಾಟಿ ದಾಟಿ ಬಂದ ಆ ಫೋಟೋದ ಪ್ರತಿ. ಒಂದೊಂದು ಮೊಬೈಲಿನಲ್ಲೂ ಒಂದಿಷ್ಟು ಸುಂಕ ಕಟ್ಟಿ ಸೊರಗಿತ್ತು. ಅವನು ಮೊದಲು ಸ್ಟೂಲನ್ನು ಕತ್ತರಿಸಿದ. ಆಮೇಲೆ ತನ್ನನ್ನೇ ಕತ್ತರಿಸಿಕೊಂಡ. ಮಾವನ ಹೆಗಲ ಮೇಲಿದ್ದ ತನ್ನ ಕೈಯನ್ನು ಅಳಿಸಹೋದರೆ ಹೆಗಲೂ ಜೊತೆಗೆ ಹೊರಟಿತು. ಕಿವಿಯ ಅನುಭವವಾಗಿದ್ದುದರಿಂದ, ಇಷ್ಟು ಸಣ್ಣ ಕೈ ಯಾರಿಗೆ ಕಾಣುತ್ತದೆ ಎಂದು ಅದನ್ನು ಹಾಗೇ ಬಿಟ್ಟ. ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಒತ್ತಿದ. ಅಗಲ, ಎತ್ತರ, ರೆಸಲ್ಯೂಶನ್ ಎಂದೆಲ್ಲ ಕೇಳುವ ಒಂದು ಕಿಟಕಿ ತೆರೆಯಿತು. ಪರೀಕ್ಷೆಯಲ್ಲಿ ಬಾರದ ಪ್ರಶ್ನೆ ಬಿಡುವಂತೆ ಎಲ್ಲವನ್ನೂ ಬಿಟ್ಟು ‘ಓಕೆ’ ಎಂದ. ಫೋಟೋವನ್ನು ಮುದ್ರಕನಿಗೆ ಕಳಿಸಿ, ಸಂಪರ್ಕಕ್ಕೆ ಮಾವನವರ ನಂಬರನ್ನೇ ಕೊಟ್ಟ. ಕೆಲಸ ಆಗಿಹೋಯಿತು ಎಂದುಕೊಂಡ.

ಮರುದಿನ ಮುದ್ರಕ ಫೋನ್ ಮಾಡಿದ. ಅವನು ಮಾತಿನಲ್ಲಿ ಜಿಪುಣ. 

“ಸಾರ್, ನಿಮ್ಮ ಫೋಟೋಗೆ ರೆಸಲ್ಯೂಶನ್ ಸಾಲ್ದು. ಎಪ್ಪತ್ತೆರಡೇ ಇರೋದು. ಮುನ್ನೂರಾದ್ರೂ ಇಲ್ದೆ ದೊಡ್ಡದಾಗಿ ಹಾಕೋಕಾಗಲ್ಲ.” ಇಷ್ಟು ಹೇಳಿ ಇಟ್ಟುಬಿಟ್ಟ.

ಜೀವನದಲ್ಲಿ ಸಾವಿರಾರು ರೆಸಲ್ಯೂಶನ್ ಪಾಸು ಮಾಡಿಸಿದ ಮನುಷ್ಯನಿಗೆ ಆ ಪದಕ್ಕೆ ಇರುವುದು ಒಂದೇ ಅರ್ಥ, ಠರಾವು. ಅಧ್ಯಕ್ಷರು ಕುರ್ಚಿಯಲ್ಲಿ ಕುಸಿದರು. ಇಷ್ಟೆಲ್ಲ ದುಡಿದದ್ದಕ್ಕೆ ತಮ್ಮ ಫೋಟೋದ ಪರವಾಗಿ ಇರುವವರು ಬರೇ ಎಪ್ಪತ್ತೆರಡು ಜನ. ಅದೂ ಹೊರಗಿನ ಮುದ್ರಕನಿಗೆ ಗೊತ್ತಾಗಿದೆ, ತಮಗೆ ಗೊತ್ತಿಲ್ಲ. ಇದು ಹಲ್ಲು ಡಾಕ್ಟರದೇ ಮಸಲತ್ತು ಎಂದು ಅತ್ತೆಗೆ ಹೇಳಿದರು. ಅತ್ತೆ ಅನುಮೋದಿಸಿ ಒಳಗೆ ಹೋದರು.

ಸಂಜೆ ಮನೆಗೆ ಬಂದ ತಕ್ಕಡಿಗೆ ವಿಷಯ ತಿಳಿಯಿತು. ಪಾಪ, ಅವನು ತಿಳಿಸಿಹೇಳಲು ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ.

“ಮಾವ, ಅದು ಓಟಲ್ಲ. ಪಿಕ್ಸೆಲ್ಲು.”

“ಪಿಕ್ಸೆಲ್ಲಾ? ಯಾವ ಬಿಲ್ಡಿಂಗಿನೋರು?”

“ಬಿಲ್ಡಿಂಗಲ್ಲ ಮಾವ, ಚುಕ್ಕಿ. ಒಂದು ಇಂಚಿಗೆ ಮುನ್ನೂರು ಇರ್ಬೇಕಂತೆ.”

“ಒಂದು ಇಂಚಿಗೆ ಮುನ್ನೂರು ಜನಾನ? ನಾವೇನು ಬಸ್ಸಲ್ಲಿ ಸಭೆ ಮಾಡ್ತಿದೀವಾ?”

ತಕ್ಕಡಿ ಮುಂದೆ ಹೇಳಬಹುದಿತ್ತು. ಆದರೆ ಪಿಕ್ಸೆಲ್ ಎಂದರೇನೆಂದು ಅವನಿಗೂ ಇಷ್ಟೇ ಗೊತ್ತಿದ್ದದ್ದು. ಗೊತ್ತಿಲ್ಲ ಎಂದರೆ ‘ನಾನಿಲ್ಲವೇ’ ಎಂದ ಮಾತು ನೆಲ ಕಚ್ಚುತ್ತದೆ.

ಅಧ್ಯಕ್ಷರು ಬೂಟು ಹಾಕಿಕೊಂಡು ಮನೆಮನೆಗೆ ಹೊರಟರು. ಕೈಬೀಸಿಕೊಂಡು ಹೋಗುವುದು ಪದವಿಗೆ ಸರಿಯಲ್ಲವೆಂದು ತಕ್ಕಡಿಯನ್ನು ಹಿಂದೆ ಕರೆದುಕೊಂಡರು. ‘ಮುಂದಿನ ಸಭೇಲಿ ರೆಸಲ್ಯೂಶನ್ ಬರುತ್ತೆ, ಕೈ ಎತ್ತಬೇಕು’ ಎಂಬುದಷ್ಟೇ ಅವರ ಕೋರಿಕೆ. ಯಾವ ರೆಸಲ್ಯೂಶನ್ ಎಂದು ತಾವೇ ಬಾಯಿಬಿಟ್ಟು ಹೇಳಿಕೊಳ್ಳಲು ಸಂಕೋಚ. ಮೂರನೇ ಮಹಡಿಯ ಟೀಚರಮ್ಮ, ಲಿಫ್ಟ್ ಸರಿಮಾಡಿಸಿದರೆ ಒಂದು ಕೈ ಏನು, ಮನೆಮಂದಿಯದೆಲ್ಲ ಎತ್ತಿಸುತ್ತೇನೆ ಎಂದರು. ಜೀವವಿಮೆಯವರು ಕೈ ಎತ್ತಲು ಒಪ್ಪಿ, ಅಧ್ಯಕ್ಷರ ವಯಸ್ಸು ಕೇಳಿಕೊಂಡು, ಅವರು ಹೊರಡುವ ಮುನ್ನ ಒಂದು ಪಾಲಿಸಿಯ ವಿವರ ಒಪ್ಪಿಸಿದರು. ಮೂಲೆಮನೆಯ ಕಿವುಡಜ್ಜ ಏನು ಕೇಳಿಸಿಕೊಂಡರೋ, ಅಲ್ಲೇ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು. ಇಳಿಸಲು ಸೊಸೆ ಬರಬೇಕಾಯಿತು.

ಹಲ್ಲು ಡಾಕ್ಟರ ಕಿವಿಗೂ ಸುದ್ದಿ ಬಿತ್ತು. ಕುರ್ಚಿಯಲ್ಲಿ ಬಾಯಿ ಕಳೆದು ಕೂತ ರೋಗಿಗಳಿಗೆಲ್ಲ ಅವರು ಒಂದೇ ಪ್ರಶ್ನೆ ಹಾಕತೊಡಗಿದರು: ಬಿಟ್ಟುಹೋಗುವ ಮನುಷ್ಯ ಮನೆಮನೆ ಯಾಕೆ ಅಲೀತಾನೆ, ಏನೋ ಮುಚ್ಚಿಡೋದಿದೆ ಅಲ್ವಾ? ಬಾಯಲ್ಲಿ ಯಂತ್ರ ಇಟ್ಟುಕೊಂಡವರು ಅಲ್ಲ ಎನ್ನುವುದಾದರೂ ಹೇಗೆ. ಎಲ್ಲರೂ ‘ಆಂ’ ಎಂದರು. ಡಾಕ್ಟರು ಅದನ್ನು ಒಪ್ಪಿಗೆ ಎಂದೇ ಲೆಕ್ಕಕ್ಕೆ ತೆಗೆದುಕೊಂಡರು.

ಇತ್ತ ತಕ್ಕಡಿ ಕಂಪ್ಯೂಟರ್ ಮುಂದೆ ಕೂತು, ರೆಸಲ್ಯೂಶನ್ ಎಂಬ ಚೌಕದಲ್ಲಿ ಎಪ್ಪತ್ತೆರಡನ್ನು ಅಳಿಸಿ ಮುನ್ನೂರು ಎಂದು ಬರೆದ. ಇಷ್ಟೇನಾ ಎನ್ನಿಸಿತು. ಇಷ್ಟೇ ಅಲ್ಲ ಎಂಬುದು ಮುದ್ರಕ ಲಕೋಟೆಯಲ್ಲಿ ಮಾದರಿ ಪ್ರತಿ ಕಳಿಸಿದಾಗ ತಿಳಿಯಿತು. ಮೊದಲು ಅಂಗೈ ಅಗಲವಿದ್ದ ಅಧ್ಯಕ್ಷರು ಈಗ ಹೆಬ್ಬೆರಳ ಉಗುರಿನಷ್ಟಾಗಿದ್ದರು. ಇದ್ದ ಚುಕ್ಕಿಗಳನ್ನೇ ಒತ್ತೊತ್ತಾಗಿ ಕೂರಿಸಿದರೆ ಮನುಷ್ಯ ಚಿಕ್ಕವನಾಗದೆ ಇನ್ನೇನಾಗುತ್ತಾನೆ.

“ಮುನ್ನೂರು ಮಾಡಿದ್ದಕ್ಕೆ ಹೀಗಾಯ್ತು ಮಾವ,” ಎಂದ ತಕ್ಕಡಿ.

“ಅಂದ್ರೆ ಬೆಂಬಲ ಜಾಸ್ತಿ ಆದಷ್ಟೂ ಮನುಷ್ಯ ಸಣ್ಣೋನಾಗ್ತಾನೆ ಅಂತಾನಾ?”

ಅತ್ತೆ ಕನ್ನಡಕ ಹಾಕಿಕೊಂಡು ಫೋಟೋವನ್ನು ಹುಡುಕಿ ನೋಡಿದರು. ಚೆನ್ನಾಗಿದೆ, ಹೀಗಿದ್ದರೆ ಮನೆಯಲ್ಲಿ ಜಾಗ ಉಳಿಯುತ್ತದೆ ಎಂದರು.

ಕಚೇರಿಯ ಗೆಳೆಯನನ್ನು ಕೇಳಿದಾಗ ‘ರಿಸ್ಯಾಂಪಲ್’ ಎಂಬಲ್ಲಿ ಟಿಕ್ ಹಾಕಬೇಕು ಎಂಬ ಗುಟ್ಟು ಹೊರಬಿತ್ತು. ತಕ್ಕಡಿ ಈ ಸಲ ಮಾವನಿಗೆ ಮೊದಲೇ ವಿವರಿಸಿಬಿಡೋಣವೆಂದು ಹೋದ. ಫೋಟೋದಲ್ಲಿ ಇಲ್ಲದ ಚುಕ್ಕಿಗಳನ್ನು ಕಂಪ್ಯೂಟರೇ ಹುಟ್ಟಿಸುತ್ತದೆ, ಅಕ್ಕಪಕ್ಕದವು ಹೇಗಿವೆಯೋ ನೋಡಿಕೊಂಡು ಅಂಥವೇ ಹೊಸದನ್ನು ನಡುನಡುವೆ ತುಂಬುತ್ತದೆ, ಹೀಗೆ ಮುನ್ನೂರು ಮಾಡಬಹುದು ಎಂದ. ಅಧ್ಯಕ್ಷರ ಮುಖ ಕೆಂಪಾಯಿತು.

“ಇಲ್ಲದೋರನ್ನ ಹುಟ್ಟಿಸಿ, ಅಕ್ಕಪಕ್ಕದೋರ ಹಾಗೆ ವೇಷ ಹಾಕಿಸಿ, ಲೆಕ್ಕ ತುಂಬೋದಾ? ಅದಕ್ಕೆ ಕಳ್ಳ ಓಟು ಅಂತಾರೆ. ನಾನಿರೋವರೆಗೂ ಅದು ನಡೆಯಲ್ಲ.”

ತಕ್ಕಡಿ ತಲೆಯಾಡಿಸಿ, ನೇರವಾಗಿ ಹೋಗಿ ಟಿಕ್ ಹಾಕಿದ. ಗೋಡೆಯಲ್ಲಿ ಫೋಟೋಗೆ ಮೂರಡಿ ಜಾಗವಿತ್ತು. ಅಳತೆಯ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಿಲ್ಲವೆಂಬ ಹೆಮ್ಮೆಯಿಂದ ಮೂರಡಿಯನ್ನು ಸೆಂಟಿಮೀಟರಿಗೆ ತಿರುಗಿಸಿ, ಎತ್ತರದ ಚೌಕದಲ್ಲಿ ತೊಂಬತ್ತು ಎಂದು ಬರೆದ. ಚೌಕದ ಪಕ್ಕದಲ್ಲಿ ‘ಇಂಚು’ ಎಂದಿತ್ತು. ಅಂಗಡಿಯ ಬಟ್ಟಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುವ ಕಣ್ಣು ಅದನ್ನು ನೋಡಲೇ ಇಲ್ಲ. ಕಂಪ್ಯೂಟರ್ ಬಿಸಿಯಾಯಿತು, ಉಬ್ಬಸ ಬಂದವರಂತೆ ಏದುಸಿರು ಬಿಟ್ಟಿತು, ಕಡೆಗೂ ಫೈಲು ಹೆತ್ತಿತು. ಮುದ್ರಕ ಈ ಸಲ ತಕ್ಕಡಿಗೇ ಫೋನ್ ಮಾಡಿ, ಮುನ್ನೂರಿದೆ, ಆದರೆ ತುಂಬ ದೊಡ್ಡದಿದೆಯಲ್ಲ ಎಂದ. ದೊಡ್ಡ ಮನುಷ್ಯರಲ್ಲವೇ ಎಂದು ತಕ್ಕಡಿ ನಕ್ಕ. ಮುದ್ರಕ ನಗಲಿಲ್ಲ, ಮುದ್ರಿಸಿದ.

ಸಭೆಯ ದಿನ ಅದು ಚಾಪೆಯಂತೆ ಸುರುಳಿ ಸುತ್ತಿಕೊಂಡು ಬಂತು. ಬಿಡಿಸಿ ಬಿಡಿಸಿ ತೂಗುಹಾಕಿದರೆ ಮೊಳೆಯಿಂದ ಏಳೂವರೆ ಅಡಿ ಇಳಿದು, ಕೆಳಗೆ ನೆಲದ ಮೇಲೆ ಮಡಚಿಕೊಂಡು, ವೇದಿಕೆಯ ಹಿಂದಿನ ಗೋಡೆಯನ್ನು ಬಹುಪಾಲು ನುಂಗಿತು. ಕಂಪ್ಯೂಟರ್ ತುಂಬಿದ ಚುಕ್ಕಿಗಳಲ್ಲಿ ಅಧ್ಯಕ್ಷರ ಮುಖ ನೀರಲ್ಲಿ ನೆನೆದ ಸೋಪಿನ ಹಾಗೆ ನುಣ್ಣಗಾಗಿತ್ತು. ಮೂಗು ಎಲ್ಲಿ ಮುಗಿಯುತ್ತದೆ, ಮೀಸೆ ಎಲ್ಲಿ ಶುರುವಾಗುತ್ತದೆ ಎಂಬುದು ನೋಡುವವರ ನಂಬಿಕೆಗೆ ಬಿಟ್ಟದ್ದು. ಸ್ಪಷ್ಟವಾಗಿ ಕಾಣುತ್ತಿದ್ದದ್ದು ಒಂದೇ. ಹೆಗಲ ಮೇಲೆ, ಬಾಳೆಗೊನೆಯಂಥ ಐದು ಬೆರಳುಗಳ ಒಂದು ಕೈ. ಅದಕ್ಕೆ ಹಿಂದೆ ಮುಂದೆ ಮನುಷ್ಯನೇ ಇರಲಿಲ್ಲ.

ತಕ್ಕಡಿ ಕಡೆಯ ಸಾಲಿನಲ್ಲಿ, ಹೆಂಡತಿಯ ಪಕ್ಕ, ಆದಷ್ಟು ತಗ್ಗಿ ಕೂತ. ಅಧ್ಯಕ್ಷರು ಬಂದವರೇ ಗೋಡೆ ನೋಡಿದರು, ಇವನನ್ನು ಹುಡುಕಿ ನೋಡಿದರು, ಆಮೇಲೆ ಕುರ್ಚಿಯಲ್ಲಿ ಕೂತು ತಮ್ಮದೇ ಮೂಗಿನ ಹೊಳ್ಳೆಯ ಕೆಳಗೆ ಸಭೆ ಆರಂಭಿಸಿದರು.

ಹಲ್ಲು ಡಾಕ್ಟರು ಎದ್ದು ನಿಂತರು. ನಿಲ್ಲುವುದೇ ಬಹಳ ಹೊತ್ತು ಹಿಡಿಯುವಷ್ಟು ಎತ್ತರ ಅವರದು.

“ಅಧ್ಯಕ್ಷರ ಹಿಂದೆ ಯಾರದೋ ಕೈ ಇದೆ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ. ಇವತ್ತು ಅವರೇ ಗೋಡೆಗೆ ಹಾಕಿ ತೋರಿಸಿದಾರೆ.”

ಸಭೆ ಗುಜುಗುಜು ಎಂದಿತು. ಎಲ್ಲರ ಕಣ್ಣೂ ಈ ಸಭಾಂಗಣ ಕಟ್ಟಿದ ಕಂಟ್ರಾಕ್ಟರ ಕಡೆ ಹೊರಳಿತು. ಅವರು ಮೊದಲ ಸಾಲಿನಲ್ಲಿ ಸನ್ಮಾನಕ್ಕೆಂದು ಬಂದು ಕೂತಿದ್ದವರು, ಗಾಬರಿಯಲ್ಲಿ ಎರಡೂ ಕೈಗಳನ್ನು ಜೇಬಿಗಿಳಿಸಿದರು. ಅಷ್ಟು ಸಾಕಾಯಿತು. ಅದು ಕಂಟ್ರಾಕ್ಟರದೇ ಕೈ, ಕಟ್ಟಡದ ಲೆಕ್ಕದಲ್ಲಿ ಅವರ ಕೈವಾಡ ಇದೆ ಎಂದು ಸಾಲಿನಿಂದ ಸಾಲಿಗೆ ದಾಟಿತು. ಕೈ ಯಾರದೆಂದು ತನಿಖೆಯಾಗಬೇಕು ಎಂದು ಡಾಕ್ಟರು ರೆಸಲ್ಯೂಶನ್ ಮಂಡಿಸಿದರು.

ನಿಯಮವೆಂದರೆ ನಿಯಮ. ಅಧ್ಯಕ್ಷರು ತಮ್ಮ ಬಾಯಿಂದಲೇ, ರೆಸಲ್ಯೂಶನ್ ಪರವಾಗಿರುವವರು ಕೈ ಎತ್ತಿ ಎಂದರು. ರೆಸಲ್ಯೂಶನ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಅವರಿಗೆ ಮಾತು ಕೊಟ್ಟಿದ್ದವರೆಲ್ಲ ನಿಷ್ಠೆಯಿಂದ ಕೈ ಎತ್ತಿದರು. ಟೀಚರಮ್ಮ ಮನೆಮಂದಿಯದೆಲ್ಲ ಎತ್ತಿಸಿದರು. ಜೀವವಿಮೆಯವರು ಅಧ್ಯಕ್ಷರಿಗೆ ಕಾಣಲೆಂದು ಕುರ್ಚಿ ಹತ್ತಿ ಎತ್ತಿದರು. ಕಿವುಡಜ್ಜ ಎರಡೂ ಎತ್ತಿದರು. ಅಧ್ಯಕ್ಷರು ಒಂದೂ ಬಿಡದೆ ಎಣಿಸಿದರು. ಮುನ್ನೂರು ದಾಟಿತು. ತಮ್ಮ ವಿರುದ್ಧವೇ ಆದರೂ ಲೆಕ್ಕ ತುಂಬಿದ್ದಕ್ಕೆ ಒಂದು ಗಳಿಗೆ ಅವರಿಗೆ ಸಮಾಧಾನವಾದಂತೆ ಕಂಡಿತು. ಮರುಗಳಿಗೆ ಕಣ್ಣಲ್ಲಿ ನೀರಾಡಿತು. ಆ ಮನುಷ್ಯ ಕಂಟ್ರಾಕ್ಟರ ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ.

ತಕ್ಕಡಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

“ಆ ಕೈ ನಂದು.”

ಡಾಕ್ಟರು ಮುಗುಳ್ನಕ್ಕರು. “ಇವರು ಅಧ್ಯಕ್ಷರ ಮಗಳ ಗಂಡ. ಹೇಳದೆ ಇರ್ತಾರಾ. ಸಾಕ್ಷಿ ಬೇಕಲ್ಲ. ಇವರ ಕೈ ಆಗಿದ್ರೆ ಇವರೆಲ್ಲಿ ಫೋಟೋದಲ್ಲಿ?”

ನನ್ನನ್ನು ನಾನೇ ಕತ್ತರಿಸಿಕೊಂಡೆ ಎಂದ ತಕ್ಕಡಿ. ಸಭೆ ಗೊಳ್ಳೆಂದಿತು. ಆಗ ಪಕ್ಕದಲ್ಲಿದ್ದ ಹೆಂಡತಿ ಅವನ ಅಂಗಿ ಜಗ್ಗಿ ಮೊಬೈಲ್ ತೋರಿಸಿದಳು. ಅದರಲ್ಲಿ ಅದೇ ಫೋಟೋ ಇತ್ತು, ಪೂರ್ತಿಯಾಗಿ, ಯಾವ ಮೊಬೈಲನ್ನೂ ದಾಟದೆ, ಮೀಸೆಯ ಕೂದಲು ಕೂದಲೂ ಕಾಣುವಂತೆ.

“ನಿಂಗೆಲ್ಲಿ ಸಿಕ್ತು?”

“ತೆಗೆದೋಳು ನಾನೇ ಅಲ್ವಾ. ನೀವು ಕಣ್ಣು ಮುಚ್ಕೊಂಡಿದ್ರಿ, ನೋಡ್ಲಿಲ್ಲ. ಆಮೇಲೂ ಕೇಳ್ಲಿಲ್ಲ.”

ತೋರಿಸಿದರೆ ಕೈ ಯಾರದೆಂದು ಗೊತ್ತಾಗುತ್ತದೆ. ಜೊತೆಗೆ ಸ್ಟೂಲೂ ಕಾಣುತ್ತದೆ, ಆರಡಿಯ ಡಾಕ್ಟರ ಎದುರೇ. ತಕ್ಕಡಿ ಬೇಡವೆಂದು ತಲೆಯಾಡಿಸಿದ. ನನ್ನ ಮಾತು ನಂಬದಿದ್ದರೆ ಬಿಡಿ, ನನ್ನನ್ನೇ ಕಳ್ಳ ಎಂದು ಬೇಕಾದರೆ ಬರೆದುಕೊಳ್ಳಿ ಎಂದು ಸಭೆಗೆ ಕೈ ಮುಗಿದ. ವೇದಿಕೆಯ ಮೇಲಿನಿಂದ ಅಧ್ಯಕ್ಷರು ಮಗಳ ಮೊಬೈಲನ್ನೂ, ಅದಕ್ಕೆ ಅಡ್ಡ ನಿಂತ ತಕ್ಕಡಿಯನ್ನೂ ನೋಡಿದರು.

“ತೋರ್ಸಮ್ಮ,” ಎಂದರು.

“ನಾನು ಅನುಮೋದಿಸ್ತೀನಿ,” ಎಂದರು ಅತ್ತೆ. ಈ ಸಲ ಆಕಳಿಸಲಿಲ್ಲ.

ಸಭಾಂಗಣದ ದೊಡ್ಡ ಟೀವಿಗೆ ಮೊಬೈಲ್ ಜೋಡಿಸಿದರು. ಮೊದಲು ಅಧ್ಯಕ್ಷರ ಗಂಭೀರ ಮುಖ ಬಂತು. ಆಮೇಲೆ ಹೆಗಲು, ಹೆಗಲ ಮೇಲಿನ ಕೈ, ಕೈಯ ತುದಿಯಲ್ಲಿ ಕಣ್ಣು ಮುಚ್ಚಿ ಬಾಯಿ ತೆರೆದ ತಕ್ಕಡಿ. ಕೊನೆಗೆ, ಎಲ್ಲದರ ಕೆಳಗೆ, ಸ್ಟೂಲು. ರೆಸಲ್ಯೂಶನ್ ಎಷ್ಟು ಚೆನ್ನಾಗಿತ್ತೆಂದರೆ ಸ್ಟೂಲಿನ ಮೇಲೆ ಅಂಟಿದ್ದ ಹಿಟ್ಟೂ ಕಾಣುತ್ತಿತ್ತು.

ಮೊದಲು ನಕ್ಕವರು ಯಾರೋ, ಕಡೆಗೆ ನಗದವರು ಯಾರೂ ಉಳಿಯಲಿಲ್ಲ. ಕಂಟ್ರಾಕ್ಟರು ಜೇಬಿನಿಂದ ಕೈ ತೆಗೆದು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನಗು ಇಳಿಯುವವರೆಗೂ ಕಾದು ಎದ್ದರು. ನಿಂತಾಗ ಅವರು ಎಂದಿನಷ್ಟೇ ಕುಳ್ಳಗಿದ್ದರು.

“ಸ್ಟೂಲು ಅಲ್ಲಾಡ್ತಿತ್ತು. ಬೀಳ್ತಿದ್ದೆ. ಹಿಡ್ಕೊಂಡಿದ್ದು ನನ್ನ ಅಳಿಯ.” ಆಮೇಲೆ, “ಹಾಗಂತ ದಾಖಲೆ ಮಾಡ್ಕೊಳ್ಳಿ,” ಎಂದರು.

ತಕ್ಕಡಿ ಕುರ್ಚಿಯಿದೆ ಎಂದುಕೊಂಡು ಕೂತ. ಕುರ್ಚಿ ಒಂದು ಗೇಣು ಆಚೆಗಿತ್ತು. ನೆಲದ ಮೇಲೆಯೇ ಕೂತು, ಅಲ್ಲಿಂದಲೇ ಸುತ್ತ ಇದ್ದವರಿಗೆಲ್ಲ ಹಲ್ಲು ಕಿರಿದ.

ಹಲ್ಲು ಡಾಕ್ಟರು ಕೆಟ್ಟ ಮನುಷ್ಯರೇನಲ್ಲ, ಎತ್ತರದ ಮನುಷ್ಯರು ಅಷ್ಟೆ. ಫೋಟೋವನ್ನು ಎಲ್ಲೂ ಕತ್ತರಿಸದೆ, ಅಳಿಯ ಮತ್ತು ಸ್ಟೂಲಿನ ಸಮೇತ, ಮೂರಡಿಗೆ ಮುದ್ರಿಸಿ ತೂಗುಹಾಕಬೇಕೆಂದು ಅವರೇ ಸೂಚಿಸಿದರು. ಕೈ ಎತ್ತದವರಿರಲಿಲ್ಲ. ತಕ್ಕಡಿ ನೆಲದಿಂದಲೇ ಎತ್ತಿದ.

ವಾರ ಕಳೆದು ಮುದ್ರಕ ಅಧ್ಯಕ್ಷರಿಗೆ ಫೋನ್ ಮಾಡಿದ. ಅಪರೂಪಕ್ಕೆ ಒಂದು ಹೊಗಳಿಕೆಯ ಮಾತೂ ಆಡಿದ.

“ಸಾರ್, ಈ ಸಲ ರೆಸಲ್ಯೂಶನ್ ಬಹಳ ಚೆನ್ನಾಗಿದೆ. ಮುನ್ನೂರಿದೆ.”

“ಸರಿಯಾಗಿ ನೋಡಪ್ಪ,” ಎಂದರು ಅಧ್ಯಕ್ಷರು. “ಸರ್ವಾನುಮತ.”